ಡಾಕ್ ಡಿ-ಐಸರ್: ಹೆಪ್ಪುಗಟ್ಟುವ ಸರೋವರಗಳಲ್ಲಿ ಬಳಕೆ ಮತ್ತು ಸ್ಥಳೀಯ ನಿಯಮಗಳು

ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ದಡದ ಡಾಕ್ ಮತ್ತು ದೋಣಿಮನೆಗಳ (ದೋಣಿ ನಿಲ್ಲಿಸುವ ಕೊಟ್ಟಿಗೆಗಳ) ಸುತ್ತ ಮಾತ್ರ ಮಂಜುಗಡ್ಡೆ ಕಟ್ಟದಂತೆ ತಡೆಯುವ ಯಂತ್ರಕ್ಕೆ ಡಾಕ್ ಡಿ-ಐಸರ್ ಎಂದು ಹೆಸರು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್, ಮಿನೆಸೋಟ, ವಿಸ್ಕಾನ್ಸಿನ್, ನ್ಯೂಯಾರ್ಕ್ ರಾಜ್ಯಗಳಲ್ಲೂ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲೂ ಇದು ಬಳಕೆಯಲ್ಲಿದೆ. ಇದರಲ್ಲಿ ಬಗೆಗಳು ಹಲವಾದರೂ ಅಲ್ಲಿನ ಜನ ಎಲ್ಲವನ್ನೂ ‘ಬಬ್ಲರ್’ ಎಂದೇ ಕರೆಯುತ್ತಾರೆ. ಇಲ್ಲಿ ಡಾಕ್ ಎಂದರೆ ಮಲ್ಪೆ, ಮಂಗಳೂರಿನ ದಕ್ಕೆಯಂಥ ದೊಡ್ಡ ಕಟ್ಟೋಣವಲ್ಲ. ಮನೆಯ ಅಂಗಳದಿಂದ ನೀರಿನೊಳಕ್ಕೆ ಚಾಚಿದ, ಒಂದೆರಡು ದೋಣಿ ಕಟ್ಟಲು ಸಾಕಾಗುವ ಮರದ ಅಟ್ಟಣೆ. ಯಂತ್ರವೂ ಸಣ್ಣದೇ, ಒಬ್ಬರು ಎತ್ತಿಕೊಂಡು ಹೋಗುವಷ್ಟು. ಆದರೆ ಅದು ಕೊರೆಯುವ ಬಾಯಿ ಬೀಳುವುದು ಜನ ನಡೆದಾಡುವ, ಮೀನು ಹಿಡಿಯುವ, ಸ್ನೋಮೊಬೈಲ್ ಎಂಬ ಹಿಮಬಂಡಿ ಓಡಿಸುವ ಗಡ್ಡೆಯ ಮೇಲೆ. ಡಾಕ್ ಒಬ್ಬರದು, ಗಡ್ಡೆ ಎಲ್ಲರದು. ಈ ಯಂತ್ರದ ಸುತ್ತ ಬೆಳೆದಿರುವ ನಿಯಮಗಳೆಲ್ಲ ಹುಟ್ಟಿದ್ದು ಈ ತೊಡಕಿನಿಂದ.

ಗಡ್ಡೆ ಡಾಕ್‌ಗೆ ಮಾಡುವ ಹಾನಿ

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ ಎಂಬುದು ಶಾಲೆಯ ಪಾಠ. ಡಾಕ್‌ಗಳು ಮುರಿಯುವುದು ಮುಖ್ಯವಾಗಿ ಆ ಹಿಗ್ಗಿನಿಂದಲ್ಲ. ಕಾರಣಗಳು ಮೂರು, ಮೂರರ ಸ್ವಭಾವವೂ ಬೇರೆ ಬೇರೆ.

ಮೊದಲನೆಯದು ಎತ್ತುವಿಕೆ. ತೆಳ್ಳನೆಯ ಗಡ್ಡೆ ಡಾಕ್‌ನ ಕಂಬಗಳನ್ನು ಕಚ್ಚಿಕೊಂಡು ಕಟ್ಟುತ್ತದೆ. ನಡುಚಳಿಗಾಲದಲ್ಲಿ ಒಂದು ಮಳೆ ಬಂದು, ಅಥವಾ ಹಿಮ ಕರಗಿ, ಸರೋವರದ ಮಟ್ಟ ನಾಲ್ಕು ಬೆರಳು ಏರಿತೆಂದರೆ ತೇಲುವ ಗಡ್ಡೆಯೂ ಏರುತ್ತದೆ. ಹಲಗೆಯಿಂದ ಮೊಳೆ ಕೀಳುವಂತೆ ಕಂಬವನ್ನು ತಳದ ಕೆಸರಿನಿಂದ ಕೀಳುತ್ತದೆ. ಕಂಬ ಮೇಲೆ ಬಂದ ಜಾಗಕ್ಕೆ ಕೆಳಗಿನಿಂದ ಮರಳು, ಕಲ್ಲು ಕುಸಿದು ತುಂಬಿಕೊಳ್ಳುತ್ತದೆ. ಆಮೇಲೆ ನೀರು ಇಳಿದರೂ ಕಂಬ ತನ್ನ ಮೊದಲಿನ ಜಾಗಕ್ಕೆ ಇಳಿಯುವುದಿಲ್ಲ. ಮಟ್ಟ ಇಳಿದು ಮತ್ತೆ ಗಡ್ಡೆ ಕಟ್ಟಿದಾಗ ಹಿಡಿತ ಸ್ವಲ್ಪ ಕೆಳಗೆ ಬೀಳುತ್ತದೆ, ಮತ್ತೆ ಮಟ್ಟ ಏರಿದಾಗ ಇನ್ನಷ್ಟು ಎಳೆತ. ಹೀಗೆ ಒಂದೇ ಚಳಿಗಾಲದಲ್ಲಿ ನಾಲ್ಕಾರು ಸಲ ನಡೆದರೆ ವಸಂತದಲ್ಲಿ ಡಾಕ್ ಡೊಂಕಾಗಿ ನಿಂತಿರುತ್ತದೆ. ಒಂದು ಕಂಬ ಎದ್ದು ಪಕ್ಕದ್ದು ಏಳದಿದ್ದರೆ ಅಡ್ಡತೊಲೆಗಳೂ ಸೀಳುತ್ತವೆ.

ಎರಡನೆಯದು ತಳ್ಳುವಿಕೆ. ಕೊರೆಯುವ ರಾತ್ರಿ ಗಡ್ಡೆ ಕುಗ್ಗಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ತುಂಬಿ ಅದೂ ಹೆಪ್ಪುಗಟ್ಟುತ್ತದೆ. ಹಗಲು ಬಿಸಿಲೇರಿದಾಗ ಇಡೀ ಹಾಸು ಹಿಗ್ಗಲೇಬೇಕು, ಆದರೆ ಮೊದಲಿದ್ದ ಬಿರುಕು ಈಗ ಭರ್ತಿಯಾಗಿದೆ. ಮಂಜುಗಡ್ಡೆಯ ಹಿಗ್ಗುವಿಕೆಯ ಗುಣಾಂಕದ ಲೆಕ್ಕದಲ್ಲಿ ಒಂದು ಕಿಲೋಮೀಟರ್ ಅಗಲದ ಹಾಸು 10 ಡಿಗ್ರಿ ಬೆಚ್ಚಗಾದರೆ ಸುಮಾರು ಅರ್ಧ ಮೀಟರ್ ಉದ್ದವಾಗುತ್ತದೆ. ಆ ಅರ್ಧ ಮೀಟರ್ ದಡದ ಕಡೆಗೆ ನುಗ್ಗುತ್ತದೆ. ಇಂಥ ಸರೋವರಗಳ ಅಂಚಿನಲ್ಲಿ ಯಾರೂ ಕಟ್ಟದ ಕಲ್ಲಿನ ಬದುಗಳು ಕಾಣುವುದು ಈ ಕಾರಣಕ್ಕೇ. ವರ್ಷವರ್ಷವೂ ಗಡ್ಡೆ ತಳದ ಕಲ್ಲುಗಳನ್ನು ತಳ್ಳಿ ತಂದು ಪೇರಿಸಿದ ಗುಡ್ಡೆಗಳು ಅವು.

ಮೂರನೆಯದು ವಸಂತದ ಒಡಕು. ಗಡ್ಡೆ ಹೋಳಾಗಿ ಸಡಿಲಗೊಂಡ ದಿನಗಳಲ್ಲಿ ಜೋರು ಗಾಳಿ ಬಂದರೆ ಎಕರೆಗಟ್ಟಲೆ ಹೋಳುಗಳು ಒಂದೇ ದಿಕ್ಕಿಗೆ ಹೊರಟು ದಡದ ಮೇಲೇರುತ್ತವೆ. ಅದರ ಎದುರು ಮರದ ಡಾಕ್‌ಗೆ ಲೆಕ್ಕವೇ ಇಲ್ಲ.

ಡಿ-ಐಸರ್ ಮಾರುವವರು ಸಾಮಾನ್ಯವಾಗಿ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ನಿಜದಲ್ಲಿ ಯಂತ್ರ ಮೊದಲನೆಯದಕ್ಕೆ ಒಳ್ಳೆಯ ಮದ್ದು, ಎರಡನೆಯದಕ್ಕೆ ಅರೆಮದ್ದು, ಮೂರನೆಯದಕ್ಕೆ ಮದ್ದೇ ಅಲ್ಲ. ಎತ್ತುವಿಕೆಯನ್ನು ತಪ್ಪಿಸಲು ಕಂಬದ ಸುತ್ತ ಕೆಲವೇ ಅಡಿ ತೆರೆದ ನೀರಿದ್ದರೆ ಸಾಕು. ದೊಡ್ಡ ಬಾಯಿ ತೆರೆದಷ್ಟೂ ಡಾಕ್ ಹೆಚ್ಚು ಸುರಕ್ಷಿತ ಎಂಬ ನಂಬಿಕೆಗೆ ಆಧಾರವಿಲ್ಲ. ಮುಂದೆ ಬರುವ ಬಹುಪಾಲು ಜಗಳಗಳಿಗೆ ಮೂಲ ಈ ನಂಬಿಕೆಯೇ.

ಯಂತ್ರದ ಬಗೆಗಳು

ನೀರು ಅತ್ಯಂತ ಸಾಂದ್ರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಚಳಿಗಾಲದ ಸರೋವರ ತಲೆಕೆಳಗು: ಮೇಲೆ 0 ಡಿಗ್ರಿಯ ಗಡ್ಡೆ, ಅದರಡಿ ಅಷ್ಟೇ ತಣ್ಣಗಿನ ನೀರು, ತಳದಲ್ಲಿ ಕೊಂಚ ಬೆಚ್ಚನೆಯ ನೀರು. ಡಿ-ಐಸರ್ ನೀರನ್ನು ಕಾಯಿಸುವುದಿಲ್ಲ. ತಳದ ಆ ನೀರನ್ನು ಮೇಲೆ ತರುತ್ತದೆ, ಅಷ್ಟೇ.

ಹಾಗೆ ತರಲು ಎರಡು ದಾರಿ ಇವೆ. ದಡದ ಮೇಲೆ ಗಾಳಿ ಒತ್ತುವ ಕಂಪ್ರೆಸರ್ ಇಟ್ಟು, ಸಣ್ಣ ರಂಧ್ರಗಳ ಕೊಳವೆಯನ್ನು ತಳದಲ್ಲಿ ಹಾಸಿ, ಏಳುವ ಗುಳ್ಳೆಗಳ ಜೊತೆ ನೀರೂ ಏಳುವಂತೆ ಮಾಡುವುದು ಒಂದು. ನಿಜವಾದ ಬಬ್ಲರ್ ಇದೇ. ಕೊಳವೆ ಹಾಸಿದ ಗೆರೆಯ ಮೇಲಷ್ಟೇ ಗಡ್ಡೆ ಕರಗುವುದರಿಂದ ಡಾಕ್‌ನ ಆಕಾರಕ್ಕೆ ಒಪ್ಪುವ ಕಿರಿದಾದ ಪಟ್ಟಿ ತೆರೆಯಬಹುದು. ಇನ್ನೊಂದು, ನೀರೊಳಗೆ ಹಗ್ಗದಲ್ಲಿ ತೂಗುಬಿಟ್ಟ ಅಥವಾ ಕಂಬಕ್ಕೆ ಬಿಗಿದ ಮೋಟರು. ಅದರ ರೆಕ್ಕೆಗಳು ಫ್ಯಾನಿನಂತೆ ತಿರುಗಿ ನೀರನ್ನು ಮೇಲಕ್ಕೆ ದೂಡುತ್ತವೆ. ವಿಸ್ಕಾನ್ಸಿನ್‌ನ ಕ್ಯಾಸ್ಕೊ ಕಂಪನಿಯ ಡಿ-ಐಸರ್, ಪವರ್ ಹೌಸ್ ಕಂಪನಿಯ ‘ಐಸ್ ಈಟರ್’ ಈ ಜಾತಿಯವು. ಮನೆಗಳಲ್ಲಿ ಬಳಸುವುದು ಸಾಮಾನ್ಯವಾಗಿ ಅರ್ಧದಿಂದ ಒಂದು ಅಶ್ವಶಕ್ತಿಯವನ್ನು. ಇವುಗಳ ಬೆಲೆ ಕಡಿಮೆ, ಅಳವಡಿಕೆ ಸುಲಭ. ಆದರೆ ಬಾಯಿ ದುಂಡಗೆ ಹರಡುತ್ತದೆ, ಒಂದೇ ಮೋಟರು ಹತ್ತಾರು ಅಡಿ ಅಗಲ ತೆರೆದೀತು. ಮೋಟರನ್ನು ಓರೆಯಾಗಿಸಿ ಕಟ್ಟಿದರೆ ನೀರು ಒಂದೇ ಕಡೆಗೆ ಚಿಮ್ಮಿ ಬಾಯಿ ಸರೋವರದ ಒಳಕ್ಕೆ ಉದ್ದವಾಗಿ ಚಾಚುತ್ತದೆ. ಅಪಾಯದ ದೃಷ್ಟಿಯಿಂದ ಇದು ಕೆಟ್ಟ ಜೋಡಣೆ, ಏಕೆಂದರೆ ಬಾಯಿಯ ತುದಿ ಎಲ್ಲಿದೆ ಎಂಬುದು ಡಾಕ್ ನೋಡಿದವರಿಗೆ ಅಂದಾಜಾಗುವುದಿಲ್ಲ.

ಇನ್ನೂ ಒಂದು ಸಂಗತಿ ಮಾಲೀಕರಿಗೆ ಬೇಗ ಹೊಳೆಯುವುದಿಲ್ಲ. ತಳದ ಬಿಸುಪು ಮುಗಿಯದ ಖಜಾನೆಯಲ್ಲ. ಆಳವಿಲ್ಲದ ಕೊಲ್ಲಿಯಲ್ಲಿ ಮೋಟರನ್ನು ಹಗಲಿರುಳೂ ಓಡಿಸಿದರೆ ಮೇಲಿನ ಗಾಳಿಗೆ ತೆರೆದುಕೊಂಡ ನೀರು ಬಿಸುಪನ್ನೆಲ್ಲ ಕಳೆದುಕೊಂಡು, ಇಡೀ ಕೊಲ್ಲಿಯೇ 0 ಡಿಗ್ರಿಯ ಹತ್ತಿರಕ್ಕೆ ಬರುತ್ತದೆ. ಆಮೇಲೆ ಎಷ್ಟು ಕಲಕಿದರೂ ಪ್ರಯೋಜನ ಕಡಿಮೆ. ಖರ್ಚಂತೂ ಇದ್ದೇ ಇದೆ: ಮುಕ್ಕಾಲು ಅಶ್ವಶಕ್ತಿಯ ಮೋಟರು ಎಡೆಬಿಡದೆ ಓಡಿದರೆ ದಿನಕ್ಕೆ 13 ಯೂನಿಟ್‌ಗೂ ಹೆಚ್ಚು ವಿದ್ಯುತ್, ನಾಲ್ಕು ತಿಂಗಳಿಗೆ ಸಾವಿರದ ಆರುನೂರರ ಆಸುಪಾಸು. ಹೊರಗಿನ ಚಳಿ ನೋಡಿ ತಾನೇ ಶುರುವಾಗಿ ತಾನೇ ನಿಲ್ಲುವ ಥರ್ಮೊಸ್ಟಾಟ್, ರಾತ್ರಿ ಕೆಲ ಗಂಟೆ ಮಾತ್ರ ಓಡಿಸುವ ಟೈಮರ್ ಇವೆರಡೂ ಬಿಲ್ಲನ್ನೂ ಬಾಯಿಯ ಅಗಲವನ್ನೂ ಒಟ್ಟಿಗೆ ಇಳಿಸುತ್ತವೆ.

ಗಡ್ಡೆ ಯಾರದು

ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ಈ ಪ್ರಶ್ನೆ ಹಳೆಯದು. 1640ರ ದಶಕದಲ್ಲೇ ಮ್ಯಾಸಚೂಸೆಟ್ಸ್ ವಸಾಹತಿನ ಶಾಸನ 10 ಎಕರೆಗಿಂತ ದೊಡ್ಡ ಕೆರೆಗಳನ್ನು ‘ದೊಡ್ಡ ಕೆರೆ’ಗಳೆಂದು ಗುರುತಿಸಿ, ಮೀನು ಹಿಡಿಯಲು ಹಕ್ಕಿ ಹೊಡೆಯಲು ಎಲ್ಲರಿಗೂ ಬಿಟ್ಟುಕೊಟ್ಟಿತು. ನೆರೆಯ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಇಂದಿಗೂ 10 ಎಕರೆ ಅಥವಾ ಅದಕ್ಕಿಂತ ದೊಡ್ಡದಾದ ಸ್ವಾಭಾವಿಕ ಸರೋವರವೆಲ್ಲ ಜನರ ಪರವಾಗಿ ರಾಜ್ಯದ ಸುಪರ್ದಿನಲ್ಲಿರುವ ಸಾರ್ವಜನಿಕ ನೀರು. ದಡದ ಜಮೀನು ಖಾಸಗಿಯದಾಗಿರಬಹುದು, ನೀರಲ್ಲ. ನೀರು ಹೆಪ್ಪುಗಟ್ಟಿತೆಂದು ಹಕ್ಕು ಬದಲಾಗುವುದಿಲ್ಲ.

19ನೇ ಶತಮಾನದಲ್ಲಿ ಮಂಜುಗಡ್ಡೆಯೇ ಸರಕಾದಾಗ ಇದು ಬಿಸಿಬಿಸಿ ವ್ಯವಹಾರವಾಯಿತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಕೆರೆಗಳ ಗಡ್ಡೆಯನ್ನು ಗರಗಸದಲ್ಲಿ ಕೊಯ್ಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ ಹಡಗಿಗೇರಿಸುತ್ತಿದ್ದ. 1833ರಲ್ಲಿ ಅವನ ‘ಟಸ್ಕನಿ’ ಹಡಗು ಸುಮಾರು 180 ಟನ್ ಹೊತ್ತು ಹೊರಟು, ದಾರಿಯಲ್ಲಿ ಕರಗಿದ್ದು ಹೋಗಿ ಸುಮಾರು 100 ಟನ್ನನ್ನು ಕಲ್ಕತ್ತೆಗೆ ಮುಟ್ಟಿಸಿತು. ಮದರಾಸಿನ ಕಡಲತೀರದಲ್ಲಿ 1842ರಲ್ಲಿ ಎದ್ದ ‘ಐಸ್ ಹೌಸ್’, ಅಂದರೆ ಈಗಿನ ವಿವೇಕಾನಂದರ್ ಇಲ್ಲಂ, ಆ ಸರಕಿನ ಉಗ್ರಾಣವೇ. ಹಾರ್ವರ್ಡ್ ಇರುವ ಕೇಂಬ್ರಿಜ್ ಊರಿನ ಫ್ರೆಶ್ ಪಾಂಡ್ ಕೆರೆಯಲ್ಲಿ ಯಾರು ಎಲ್ಲಿ ಗಡ್ಡೆ ಕೊಯ್ಯಬೇಕೆಂಬ ತಕರಾರು ಎದ್ದಾಗ, ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕ ಸೈಮನ್ ಗ್ರೀನ್‌ಲೀಫ್ 1841ರಲ್ಲಿ ದಡದ ಉದ್ದದ ಲೆಕ್ಕದಲ್ಲಿ ಕೆರೆಯ ಮೇಲೆ ಗೆರೆ ಎಳೆದು ಪಾಲು ಮಾಡಿಕೊಟ್ಟರು. ಬೇಸಿಗೆಯಲ್ಲಿ ಕರಗಿ ಮಾಯವಾಗುವ ಆಸ್ತಿಗೆ ನಕ್ಷೆ ಬರೆದ ಅಪರೂಪದ ಪ್ರಸಂಗ ಇದು.

ಗಡ್ಡೆ ಕೊಯ್ದ ಜಾಗ ತೆರೆದ ನೀರಾಗಿ ಉಳಿಯುತ್ತಿತ್ತು. ರಾತ್ರಿ ತೆಳ್ಳನೆಯ ಪೊರೆ ಕಟ್ಟಿ ಮೇಲೆ ಹಿಮ ಬಿದ್ದರೆ ಸುತ್ತಲಿನ ಗಟ್ಟಿ ಗಡ್ಡೆಗೂ ಅದಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ತೂತು ಮಾಡಿದವನೇ ಅದನ್ನು ಕಾಯಬೇಕು ಎಂಬ ಕಾನೂನು ಬಲಗೊಂಡದ್ದು ಈ ಕಾಲದಲ್ಲಿ. ಬಬ್ಲರ್ ಬಂದದ್ದು ಎಷ್ಟೋ ದಶಕ ಆಮೇಲೆ, ಆದರೆ ಅದಕ್ಕೆ ಅನ್ವಯಿಸುವ ನ್ಯಾಯ ಅಂದಿನದೇ.

ಕೆನಡಾ: ತೂತು ಮಾಡಿದವನ ಹೊಣೆ

ಕೆನಡಾದ ಕ್ರಿಮಿನಲ್ ಕೋಡ್‌ನ 263ನೇ ವಿಧಿ ಇದನ್ನು ನೇರವಾಗಿ ಹೇಳುತ್ತದೆ. ಸಾರ್ವಜನಿಕರಿಗೆ ತೆರೆದಿರುವ ಅಥವಾ ಅವರು ಓಡಾಡುವ ಗಡ್ಡೆಯಲ್ಲಿ ತೆರಪು ಮಾಡಿದವರು, ಮಾಡಿಸಿದವರು, ಜನ ಅಕಸ್ಮಾತ್ತಾಗಿ ಬೀಳದಷ್ಟು ಮಟ್ಟಿಗೆ ಅದನ್ನು ಕಾಯಬೇಕು. ತೆರಪು ಇದೆ ಎಂದು ಸಾಕಷ್ಟು ಎಚ್ಚರಿಸಲೂ ಬೇಕು. ಎರಡೂ ಬೇಕು, ಒಂದು ಸಾಲದು. ಕರ್ತವ್ಯ ತಪ್ಪಿದ್ದರಿಂದ ಯಾರಾದರೂ ಸತ್ತರೆ ಅದು ನರಹತ್ಯೆಯ ಆರೋಪವಾಗುತ್ತದೆ, ಗಾಯಗೊಂಡರೆ ದೈಹಿಕ ಹಾನಿಯ ಆರೋಪ. ಯಾರಿಗೂ ಏನೂ ಆಗದಿದ್ದರೂ ಅದು ಅಪರಾಧವೇ, ಶಿಕ್ಷೆ ಮಾತ್ರ ಹಗುರ. ದೇಶದ ಮೊದಲ ಕ್ರಿಮಿನಲ್ ಕೋಡ್ 1892ರಲ್ಲಿ ಬಂದಾಗಲೇ ಇಂಥ ವಿಧಿ ಅದರಲ್ಲಿತ್ತು. ಬಬ್ಲರ್ ಎಂಬ ಪದ ಅಲ್ಲಿಲ್ಲ, ಬೇಕಾಗಿಯೂ ಇಲ್ಲ: ಗರಗಸದಿಂದ ಆದ ತೂತಿಗೂ ಮೋಟರಿನಿಂದ ಆದ ತೂತಿಗೂ ಕಾನೂನು ಭೇದ ಮಾಡುವುದಿಲ್ಲ.

ಈ ವಿಧಿ ಹೆಚ್ಚು ಸಲ ಮಾತಿಗೆ ಬರುವುದು ಟೊರಾಂಟೊದ ಉತ್ತರಕ್ಕಿರುವ ಮುಸ್ಕೋಕ ಸೀಮೆಯಲ್ಲಿ. ಮುಸ್ಕೋಕ, ರೊಸ್ಸೊ, ಜೋಸೆಫ್ ಎಂಬ ಮೂರು ಸರೋವರಗಳ ದಂಡೆಯಲ್ಲಿ ನೀರಿನ ಮೇಲೇ ನಿಂತ ದೋಣಿಮನೆಗಳ ಸಾಲುಗಳಿವೆ. ಕಲ್ಲು ತುಂಬಿದ ಮರದ ತೊಟ್ಟಿಗಳು ಅವುಗಳ ಅಡಿಪಾಯ. ಚಳಿಗಾಲಕ್ಕೆ ಮೊದಲು ಬಿಚ್ಚಿ ದಡಕ್ಕೆ ಎಳೆದುಹಾಕುವ ಬಗೆಯವಲ್ಲ ಅವು. ಜೊತೆಗೆ, ವಸಂತದ ಹಿಮನೀರಿಗೆ ಜಾಗ ಬೇಕೆಂದು ಅಣೆಕಟ್ಟಿನಿಂದ ಸರೋವರಗಳ ಮಟ್ಟವನ್ನು ಚಳಿಗಾಲದಲ್ಲಿ ಇಳಿಸಿ ಆಮೇಲೆ ಏರಲು ಬಿಡುವ ಪದ್ಧತಿ ಇದೆ. ಮಟ್ಟ ಏರಿಳಿದಷ್ಟೂ ಎತ್ತುವಿಕೆಯ ಹಾನಿ ಹೆಚ್ಚು, ಆದ್ದರಿಂದ ಬಬ್ಲರುಗಳೂ ಹೆಚ್ಚು. 2013 ಮತ್ತು 2019ರ ವಸಂತದ ನೆರೆಗಳಲ್ಲಿ ಅಲ್ಲಿನ ಡಾಕ್‌ಗಳೂ ದೋಣಿಮನೆಗಳೂ ತೀವ್ರ ಹಾನಿ ಅನುಭವಿಸಿದವು. ಅಂಥ ನೆರೆಯನ್ನು ಯಾವ ಬಬ್ಲರೂ ತಡೆಯಲಾರದು ಎಂಬುದನ್ನೂ ಇಲ್ಲಿ ಸೇರಿಸಬೇಕು. ಬಹಳಷ್ಟು ದೋಣಿಮನೆಗಳು ರಜೆಯ ಮನೆಗಳಿಗೆ ಸೇರಿದವು. ಜನವರಿಯಲ್ಲಿ ಮಾಲೀಕರು ನಗರದಲ್ಲಿರುತ್ತಾರೆ, ಯಂತ್ರ ತಾನೇ ಓಡುತ್ತಿರುತ್ತದೆ. ಫಲಕ ಬಿದ್ದರೆ ಎತ್ತಿ ನಿಲ್ಲಿಸುವವರು ಯಾರು ಎಂಬುದೇ ಅಲ್ಲಿನ ನಿಜವಾದ ಪ್ರಶ್ನೆ.

ನ್ಯೂ ಹ್ಯಾಂಪ್‌ಶೈರ್: ನೆರೆಯವರ ದಾರಿ

ನ್ಯೂ ಹ್ಯಾಂಪ್‌ಶೈರ್‌ನ ಕಾನೂನು ಬೇರೆ ತುದಿಯಿಂದ ಹೊರಡುತ್ತದೆ. ರಾಜ್ಯದ ಶಾಸನ ಸಂಹಿತೆಯ 270ನೇ ಅಧ್ಯಾಯದ 33ನೇ ಕಲಮಿನ ತಿರುಳು ಹೀಗೆ: ನೀರು ಸಹಜವಾಗಿ ಹೆಪ್ಪುಗಟ್ಟುವುದನ್ನು ತಡೆಯುವ ಯಾವ ಸಾಧನವೂ ಇನ್ನೊಬ್ಬರ ಜಮೀನಿನಿಂದ ಗಡ್ಡೆಯ ಮೇಲೆ ಹೋಗಿಬರುವುದಕ್ಕೆ ಅಡ್ಡಿಯಾಗಬಾರದು. ನಿನ್ನ ಡಾಕ್‌ನ ಮುಂದೆ ತೆರೆದ ನೀರು ಇರಲಿ, ನೆರೆಯವನ ಅಂಗಳದ ಮುಂದೆ ಬೇಡ. ಮುಂದಿನ ಕಲಮು ಫಲಕದ ವಿಷಯ: ತೆಳು ಗಡ್ಡೆಯ ಅಪಾಯ ಸೂಚಿಸುವ ಫಲಕ ಎಲ್ಲ ದಿಕ್ಕಿನಿಂದಲೂ ಕಾಣಬೇಕು, ಬೆಳಕು ಬಿದ್ದರೆ ಹೊಳೆಯುವ ಪ್ರತಿಫಲಕಗಳು ಅದರ ಮೇಲಿರಬೇಕು.

ನೆರೆಯವರ ದಾರಿಗೆ ಇಷ್ಟು ಮಹತ್ವ ಬಂದದ್ದೇಕೆ ಎಂಬುದು ವಿನಿಪಸಾಕಿ ಸರೋವರವನ್ನು ನೋಡಿದರೆ ತಿಳಿಯುತ್ತದೆ. ಸುಮಾರು 72 ಚದರ ಮೈಲಿಯ ಈ ಸರೋವರ ರಾಜ್ಯದಲ್ಲೇ ದೊಡ್ಡದು. ಹೆಪ್ಪುಗಟ್ಟಿದಾಗ ಅದು ಊರಿನ ಮೈದಾನವೂ ಹೌದು, ರಸ್ತೆಯೂ ಹೌದು. ಮೆರಿಡಿತ್ ಊರಿನ ರೋಟರಿ ಸಂಸ್ಥೆ ಪ್ರತಿ ಫೆಬ್ರವರಿಯಲ್ಲಿ ಗಡ್ಡೆ ಕೊರೆದು ಮೀನು ಹಿಡಿಯುವ ದೊಡ್ಡ ಸ್ಪರ್ಧೆ ನಡೆಸುತ್ತದೆ. ಆಲ್ಟನ್ ಕೊಲ್ಲಿಯಲ್ಲಿ, ಚಳಿ ಸಾಕಷ್ಟು ಬಿದ್ದ ವರ್ಷಗಳಲ್ಲಿ, ಗಡ್ಡೆಯ ಮೇಲೇ ಸಣ್ಣ ವಿಮಾನಗಳ ರನ್‌ವೇ ತೆರೆಯುತ್ತಾರೆ. ವಸಂತದಲ್ಲಿ ‘ಐಸ್-ಔಟ್’ ಘೋಷಣೆಗಾಗಿ ಇಡೀ ಸೀಮೆ ಕಾಯುತ್ತದೆ; ‘ಮೌಂಟ್ ವಾಷಿಂಗ್ಟನ್’ ಎಂಬ ಪ್ರಯಾಣಿಕರ ಹಡಗು ತನ್ನ ಎಲ್ಲ ನಿಲ್ದಾಣಗಳಿಗೂ ಹೋಗುವಷ್ಟು ನೀರು ತೆರೆದ ದಿನ ಅದು. ಇಂಥ ಕಡೆ ಒಂದು ಕೊಲ್ಲಿಯ ಹತ್ತು ಮನೆಯವರು ಹತ್ತು ಮೋಟರು ಇಳಿಬಿಟ್ಟರೆ ಹನ್ನೊಂದನೆಯವನಿಗೆ ಸರೋವರಕ್ಕೆ ಕಾಲಿಡಲು ದಾರಿಯೇ ಉಳಿಯುವುದಿಲ್ಲ. ಒಂದೊಂದು ಬಾಯಿಯೂ ಚಿಕ್ಕದೇ ಇರಬಹುದು, ಆದರೆ ಪಕ್ಕಪಕ್ಕದವು ಕೂಡಿಕೊಂಡು ದಡದುದ್ದಕ್ಕೂ ಕಾಲುವೆಯಾಗುತ್ತವೆ. ಕೂಡಿದ ಬಾಯಿಗೆ ಹೊಣೆ ಯಾರು ಎಂದು ಕೇಳಿದರೆ ಹತ್ತು ಬೆರಳು ಹತ್ತು ಕಡೆ ತೋರಿಸುತ್ತವೆ.

ಮಿನೆಸೋಟ: ಅನುಮತಿ, ಪತ್ರಿಕೆ, ಫಲಕ

ಮಿನೆಸೋಟದಲ್ಲಿ 10 ಎಕರೆ ಮೀರಿದ ಸರೋವರಗಳೇ ಅಧಿಕೃತ ಎಣಿಕೆಯಂತೆ 11,842. ಅಲ್ಲಿನ ನಿಯಮಗಳ ಮೂಲ ಡಾಕ್ ಅಲ್ಲ, ಮೀನು. ದಪ್ಪ ಹಿಮ ಹೊದ್ದ ಗಡ್ಡೆಯಡಿ ಬೆಳಕು ಇಳಿಯುವುದಿಲ್ಲ, ಜಲಸಸ್ಯಗಳು ಆಮ್ಲಜನಕ ಬಿಡುವುದು ನಿಲ್ಲುತ್ತದೆ, ಕೊಳೆಯುವ ಎಲೆ-ಪಾಚಿ ಇದ್ದದ್ದನ್ನೂ ಹೀರುತ್ತವೆ. ಆಳವಿಲ್ಲದ ಕೆರೆಗಳಲ್ಲಿ ಮೀನುಗಳು ರಾಶಿರಾಶಿ ಸಾಯುತ್ತವೆ. ಇದನ್ನು ತಪ್ಪಿಸಲು ಗಾಳಿಯೂಡುವ ಯಂತ್ರಗಳನ್ನು ಇಳಿಸುವುದು ಅಲ್ಲಿ ಹಳೆಯ ರೂಢಿ. ಸಾರ್ವಜನಿಕ ನೀರಿನಲ್ಲಿ ಅಂಥ ಯಂತ್ರ ಓಡಿಸಲು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಅನುಮತಿ ಬೇಕು. ಯಂತ್ರ ಶುರುಮಾಡುವ ಮೊದಲು, 60 ದಿನದಿಂದ 5 ದಿನದೊಳಗಿನ ಅವಧಿಯಲ್ಲಿ, ಸ್ಥಳೀಯ ಪತ್ರಿಕೆಯಲ್ಲಿ ಎರಡು ಸಲವಾದರೂ ಪ್ರಕಟಣೆ ಕೊಡಬೇಕು. ತೆರೆದ ನೀರಿನ ನಾಲ್ಕು ಮೂಲೆಗೂ ನಾಲ್ಕರಿಂದ ಆರು ಅಡಿ ಎತ್ತರದಲ್ಲಿ ಫಲಕ ನೆಡಬೇಕು, ಒಂದು ಫಲಕದಿಂದ ಇನ್ನೊಂದಕ್ಕೆ 100 ಅಡಿಗಿಂತ ಹೆಚ್ಚು ಅಂತರ ಇರಬಾರದು. ಗಡ್ಡೆ ಇದ್ದು ಯಂತ್ರ ಓಡುವಷ್ಟು ಕಾಲವೂ ಫಲಕಗಳು ನಿಂತಿರಬೇಕು. ಪತ್ರಿಕೆಯ ಪ್ರಕಟಣೆ ಹಳೆಯ ಕಾಲದ ಕ್ರಮದಂತೆ ಕಂಡರೂ ಒಳ್ಳೆಯ ಕ್ರಮ. ಫಲಕ ಹೇಳುವುದು ಅಲ್ಲಿಗೆ ಬಂದು ಮುಟ್ಟಿದವನಿಗೆ. ಪತ್ರಿಕೆ ಹೇಳುವುದು ಮನೆಯಿಂದ ಹೊರಡುವ ಮೊದಲೇ.

ಮಿನಿಯಾಪೊಲಿಸ್ ಪಕ್ಕದ ಮಿನಟೊಂಕ ಸರೋವರಕ್ಕೆ ತನ್ನದೇ ಆಡಳಿತವಿದೆ. ಸುಮಾರು 14,500 ಎಕರೆಯ ಈ ಸರೋವರದ ದಂಡೆಯನ್ನು 14 ಊರುಗಳು ಹಂಚಿಕೊಂಡಿವೆ. ಒಂದೊಂದು ಊರಿನದು ಒಂದೊಂದು ಕಟ್ಟಳೆಯಾದರೆ ಕೆಲಸ ಸಾಗದೆಂದು ಶಾಸನಸಭೆ 1967ರಲ್ಲಿ ಲೇಕ್ ಮಿನಟೊಂಕ ಸಂರಕ್ಷಣಾ ಜಿಲ್ಲೆಯನ್ನು ಸ್ಥಾಪಿಸಿತು. ಡಾಕ್‌ನ ಉದ್ದ, ದೋಣಿಗಳ ಸಂಖ್ಯೆ, ವೇಗದ ಮಿತಿಯಂತೆಯೇ ಡಿ-ಐಸರ್ ಪರವಾನಗಿಯೂ ಈ ಮಂಡಳಿಯ ಕೈಯಲ್ಲಿದೆ. ಇಲ್ಲಿ ಫಲಕ ನೆಟ್ಟು ಕೈತೊಳೆದುಕೊಳ್ಳುವಂತಿಲ್ಲ, ತೆರೆದ ನೀರಿನ ಸುತ್ತ ಬೇಲಿಯನ್ನೂ ಕಟ್ಟಬೇಕು. ಸ್ಥಳೀಯ ನಿಯಮ ರಾಜ್ಯದ ಕಾನೂನಿಗಿಂತ ಹೇಗೆ ಹೆಚ್ಚು ಉಪಯುಕ್ತವಾಗಬಲ್ಲದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಯಾವ ಕೊಲ್ಲಿಯಲ್ಲಿ ಸ್ನೋಮೊಬೈಲ್ ದಾರಿ ಹಾಯುತ್ತದೆ, ಎಲ್ಲಿ ಮೀನು ಹಿಡಿಯುವವರ ಗುಡಿಸಲುಗಳು ಏಳುತ್ತವೆ ಎಂಬುದು ರಾಜಧಾನಿಯ ಕಚೇರಿಗೆ ಗೊತ್ತಿರುವುದಿಲ್ಲ.

ಫಲಕವೊಂದೇ ಸಾಕೇ

ಬಹುತೇಕ ಕಾನೂನುಗಳ ಭಾರವೆಲ್ಲ ಫಲಕದ ಮೇಲಿದೆ. ಲೆಕ್ಕ ಹಾಕಿ ನೋಡಿದರೆ ಅದು ಹೊರಲಾರದ ಭಾರ. ಗಂಟೆಗೆ 80 ಕಿಲೋಮೀಟರ್ ವೇಗದ ಸ್ನೋಮೊಬೈಲ್ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಫಲಕ ಕಂಡು ಸವಾರನ ಕೈ ಬ್ರೇಕ್ ಮುಟ್ಟಲು ಒಂದೂವರೆ ಸೆಕೆಂಡ್ ಎಂದರೂ 33 ಮೀಟರ್ ಮುಗಿದೇ ಹೋಯಿತು, ಗಡ್ಡೆಯ ಮೇಲೆ ಜಾರಿ ನಿಲ್ಲುವ ದೂರ ಇನ್ನೂ ಬೇರೆ. ಬಾಯಿಯ ಅಂಚಿಗೇ ನೆಟ್ಟ ಫಲಕ ನಡೆದು ಬರುವವನಿಗೆ ಉಪಕಾರ, ರಾತ್ರಿ ಓಡಿಸಿಕೊಂಡು ಬರುವವನಿಗೆ ಅಷ್ಟಕ್ಕಷ್ಟೇ. ಹಿಮಗಾಳಿಗೆ ಫಲಕದ ಮೇಲೆ ಹಿಮ ಮೆತ್ತಿಕೊಳ್ಳುತ್ತದೆ. ಬಾಯಿ ಹಿಗ್ಗಿದ ವಾರ ಫಲಕವೇ ನೀರಿಗೆ ಬೀಳುವುದೂ ಉಂಟು.

ಬಾಯಿ ಹಿಗ್ಗಿ ಕುಗ್ಗುತ್ತದೆ ಎಂಬುದೇ ಇಲ್ಲಿನ ನಿಜವಾದ ಕೇಡು. ಮೈನಸ್ 20 ಡಿಗ್ರಿಯ ರಾತ್ರಿ ಕಂಬದ ಸುತ್ತ ಕಿರಿದಾಗಿ ನಿಂತ ನೀರು, ಬಿಸಿಲಿನ ವಾರದಲ್ಲಿ ಹತ್ತಾರು ಅಡಿ ಅಗಲಿಸುತ್ತದೆ. ಮತ್ತೆ ಚಳಿ ಬಿದ್ದಾಗ ಆ ಹೊಸ ಅಂಚಿನ ಮೇಲೆ ತೆಳ್ಳನೆಯ ಪೊರೆ ಕಟ್ಟಿ ಮೇಲೆ ಹಿಮ ಮುಚ್ಚುತ್ತದೆ. ತೆರೆದ ನೀರಾದರೆ ಹಗಲಲ್ಲಿ ಕಣ್ಣಿಗೆ ಬೀಳುತ್ತದೆ; ಅದರ ಸುತ್ತಲಿನ ಈ ತೆಳು ಪಟ್ಟಿ ಬೀಳುವುದಿಲ್ಲ. ವಿದ್ಯುತ್ ಕಡಿತವಾಗಿ ಯಂತ್ರ ಒಂದು ರಾತ್ರಿ ನಿಂತರಂತೂ ಇಡೀ ಬಾಯಿಯೇ ಪೊರೆ ಹೊದ್ದು ಕುಳಿತಿರುತ್ತದೆ. ಆದ್ದರಿಂದ ಥರ್ಮೊಸ್ಟಾಟ್ ಇಟ್ಟು ಬಾಯಿಯನ್ನು ಡಾಕ್‌ನ ನೆರಳಿನಷ್ಟಕ್ಕೆ ಮಿತಗೊಳಿಸುವ ನಿಯಮ, ಎಷ್ಟೇ ಫಲಕ ನೆಡಿಸುವ ನಿಯಮಕ್ಕಿಂತ ಹೆಚ್ಚು ಜೀವ ಉಳಿಸಬಲ್ಲದು ಎಂಬುದು ಈ ಲೇಖಕನ ಅಭಿಪ್ರಾಯ. ಫಲಕ ಬೇಡವೆಂದಲ್ಲ. ಫಲಕದ ಜೊತೆ ಹಗ್ಗದ ಬೇಲಿ, ಹೊಳೆಯುವ ಪಟ್ಟಿ, ವಾರಕ್ಕೊಮ್ಮೆಯಾದರೂ ನೋಡಿಬರುವ ಒಬ್ಬ ಮನುಷ್ಯ ಇರಬೇಕು.

ವಿದ್ಯುತ್ತಿನ ಅಪಾಯ ಇನ್ನೊಂದು. ಮೋಟರು, ತಂತಿ ಎರಡೂ ನೀರಿನಲ್ಲಿರುತ್ತವೆ. ಸಿಹಿನೀರು ಮನುಷ್ಯನ ದೇಹಕ್ಕಿಂತ ಕೆಟ್ಟ ವಾಹಕ. ಸೋರಿದ ವಿದ್ಯುತ್ ನೀರನ್ನು ಬಿಟ್ಟು ನೀರಲ್ಲಿರುವ ಮನುಷ್ಯನ ಮೂಲಕ ಹರಿಯಲು ನೋಡುತ್ತದೆ, ಸ್ನಾಯು ಮರಗಟ್ಟಿ ಈಜುಗಾರನೂ ಮುಳುಗುತ್ತಾನೆ. ನಮ್ಮಲ್ಲಿ ಇಎಲ್‌ಸಿಬಿ ಎನ್ನುವ ಸಾಧನದಂಥದೇ, ಅದಕ್ಕಿಂತ ಸೂಕ್ಷ್ಮವಾದ, ಸುಮಾರು 5 ಮಿಲಿಆಂಪಿಯರ್ ಸೋರಿದರೂ ಸಂಪರ್ಕ ಕಡಿಯುವ ಸ್ವಿಚ್ ಅಲ್ಲಿನ ಡಾಕ್‌ಗಳಲ್ಲಿ ರೂಢಿ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 555ನೇ ಪರಿಚ್ಛೇದ ಮೊದಲು ದೊಡ್ಡ ದೋಣಿ ನಿಲ್ದಾಣಗಳಿಗಷ್ಟೇ ಇತ್ತು. 2017ರ ಆವೃತ್ತಿಯಿಂದ ಮನೆಗಳ ಡಾಕ್‌ಗಳೂ ಅದರೊಳಗೆ ಬಂದವು. ಅಂಗಳದಲ್ಲಿ ಬಳಸುವ ಸಾದಾ ಎಕ್ಸ್‌ಟೆನ್ಷನ್ ವೈರನ್ನು ಹಿಮದಡಿ ಎಳೆದು ನಾಲ್ಕು ತಿಂಗಳು ಬಿಡುವುದು ಯಾವ ನಿಯಮಕ್ಕೂ ಒಪ್ಪದ, ಆದರೆ ಎಲ್ಲೆಡೆ ಕಾಣುವ ಕೆಲಸ.

ಪರಿಸರದ ಮೇಲಿನ ಪರಿಣಾಮದ ಬಗ್ಗೆ ಹೇಳುವುದು ಸ್ವಲ್ಪವೇ. ಆಳವಿಲ್ಲದ ಕಡೆ ಮೋಟರು ತಳದ ಕೆಸರನ್ನು ಕೆದಕಿ ಅದರಲ್ಲಿ ಕೂತಿದ್ದ ರಂಜಕವನ್ನು ನೀರಿಗೆ ಸೇರಿಸುತ್ತದೆ. ತೆರೆದ ನೀರು ಕಂಡ ಬಾತುಗಳು ದಕ್ಷಿಣಕ್ಕೆ ಹೋಗುವುದನ್ನು ಬಿಟ್ಟು ಅಲ್ಲೇ ಉಳಿಯುತ್ತವೆ. ಡಾಕ್ ಮಾಲೀಕರ ಮೋಟರು ಮೀನಿಗೆ ಉಪಕಾರ ಮಾಡುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಸಾಯುವ ಕೆರೆಗೆ ಗಾಳಿಯೂಡುವ ಯೋಜಿತ ವ್ಯವಸ್ಥೆಯೇ ಬೇರೆ, ಕಂಬದ ಸುತ್ತ ತಿರುಗುವ ರೆಕ್ಕೆಯೇ ಬೇರೆ.

ಯಂತ್ರವಿಲ್ಲದ ದಾರಿ

ಮಿನೆಸೋಟದ ಹೆಚ್ಚಿನ ಮನೆಗಳಲ್ಲಿ ಡಿ-ಐಸರ್ ಇಲ್ಲ, ಏಕೆಂದರೆ ಅಲ್ಲಿ ಚಳಿಗಾಲದಲ್ಲಿ ಡಾಕ್‌ಗಳೇ ನೀರಿನಲ್ಲಿರುವುದಿಲ್ಲ. ಗಾಲಿಯ ಮೇಲೆ ಉರುಳುವ, ಅಥವಾ ತುಂಡುತುಂಡಾಗಿ ಬಿಚ್ಚುವ ಹಗುರ ಡಾಕ್‌ಗಳನ್ನು ಅಕ್ಟೋಬರಿನಲ್ಲಿ ದಡಕ್ಕೆ ಎಳೆದುಹಾಕಿ, ಗಡ್ಡೆ ಹೋದ ಮೇಲೆ ಮತ್ತೆ ಇಳಿಸುತ್ತಾರೆ. ವರ್ಷಕ್ಕೆ ಎರಡು ದಿನದ ಕೆಲಸ. ಗಟ್ಟಿಯಾಗಿ ನಿಂತ ದೋಣಿಮನೆಗೆ, ಹಳೆಯ ಕಲ್ಲುತೊಟ್ಟಿಯ ಡಾಕ್‌ಗೆ ಈ ದಾರಿ ಇಲ್ಲ ನಿಜ. ಉಳಿದವರಿಗೆ ಬಬ್ಲರ್ ಅನಿವಾರ್ಯವೇನಲ್ಲ, ಅನುಕೂಲ ಮಾತ್ರ.

ಗಡ್ಡೆಯ ಮೇಲೆ ಹೋಗುವವರಿಗೆ

ಎಷ್ಟು ದಪ್ಪ ಗಡ್ಡೆ ಸಾಕು ಎಂಬುದಕ್ಕೂ ಊರೂರಿನ ಲೆಕ್ಕ ಬೇರೆ. ಮಿನೆಸೋಟದ ಇಲಾಖೆ ನಡೆಯುವವರಿಗೆ ಹೊಸದಾದ, ಪಾರದರ್ಶಕ ಗಡ್ಡೆ 4 ಇಂಚು ಇರಬೇಕೆನ್ನುತ್ತದೆ. ನ್ಯೂ ಹ್ಯಾಂಪ್‌ಶೈರ್, ತನ್ನಲ್ಲೇ ಹ್ಯಾನೋವರ್ ಊರಿನಲ್ಲಿರುವ ಅಮೆರಿಕ ಸೇನೆಯ ಶೀತ ಪ್ರದೇಶ ಸಂಶೋಧನಾ ಕೇಂದ್ರದ ಸಲಹೆಯಂತೆ, 6 ಇಂಚು ಕೇಳುತ್ತದೆ, ಸ್ನೋಮೊಬೈಲ್‌ಗೆ 8ರಿಂದ 10. ಹಿಮ ಬೆರೆತ ಬಿಳಿ ಗಡ್ಡೆಗೆ ಅರ್ಧದಷ್ಟೇ ಬಲ. ಈ ಅಂಕಿಗಳೆಲ್ಲ ಸಹಜವಾಗಿ ಕಟ್ಟಿದ ಗಡ್ಡೆಗೆ ಮಾತ್ರ ಅನ್ವಯ. ಡಿ-ಐಸರ್ ಇರುವ ಡಾಕ್‌ನ ಹತ್ತಿರ ಒಂದೇ ಹೆಜ್ಜೆಗೆ 10 ಇಂಚು 1 ಇಂಚಾಗಬಹುದು.

ಟೊರಾಂಟೊ, ಮಿನಿಯಾಪೊಲಿಸ್, ಬಾಸ್ಟನ್ ಸುತ್ತಮುತ್ತ ನೆಲಸಿರುವ ಕನ್ನಡ ಕುಟುಂಬಗಳು ಚಳಿಗಾಲದ ರಜೆಗೆ ಸರೋವರದ ದಡದ ಮನೆ ಬಾಡಿಗೆ ಹಿಡಿಯುವುದು ಈಗ ಸಾಮಾನ್ಯ. ಹುಟ್ಟಿನಿಂದ ಗಡ್ಡೆ ನೋಡಿ ಬೆಳೆದವರಿಗೆ ಡಾಕ್ ಬಳಿಯ ಕಪ್ಪು ನೀರಿನ ಅರ್ಥ ಹೇಳಿಕೊಡಬೇಕಿಲ್ಲ, ನಮ್ಮವರಿಗೆ ಹೇಳಬೇಕಾಗುತ್ತದೆ. ಮನೆಗೆ ಕಾಲಿಟ್ಟ ದಿನವೇ ಮಾಲೀಕರನ್ನು ಕೇಳಿ: ಇಲ್ಲಿ ಬಬ್ಲರ್ ಇದೆಯೇ, ಪಕ್ಕದ ಮನೆಯಲ್ಲಿದೆಯೇ, ಮಕ್ಕಳು ಯಾವ ಕಡೆಯಿಂದ ಗಡ್ಡೆಗೆ ಇಳಿಯಬಹುದು? ಫಲಕ ಕಾಣದಿದ್ದರೂ ಎಲ್ಲ ಡಾಕ್, ದೋಣಿಮನೆಗಳಿಂದ ದೂರವಿರಿ.

ಅಕಸ್ಮಾತ್ತಾಗಿ ಬಿದ್ದರೆ ಏನಾಗುತ್ತದೆಂಬುದನ್ನು ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಮೂರು ಅಂಕಿಗಳಲ್ಲಿ ಹೇಳಿದ್ದಾರೆ: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಅಂದರೆ ಮೊದಲ ನಿಮಿಷ ಗಾಬರಿಪಡದೆ ಉಸಿರಾಡಿ. ಬಂದ ದಿಕ್ಕಿಗೇ ತಿರುಗಿ, ಏಕೆಂದರೆ ನಿಮ್ಮನ್ನು ಹೊತ್ತ ಗಡ್ಡೆ ಇರುವುದು ಆ ಕಡೆ. ಕೈಗಳನ್ನು ಗಡ್ಡೆಯ ಮೇಲೆ ಚಾಚಿ, ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಜಾರಿ ಮೇಲೇರಿ. ಏರಿದ ಮೇಲೆ ಎದ್ದು ನಿಲ್ಲದೆ ಉರುಳಿಕೊಂಡು ದೂರ ಬನ್ನಿ. ದಡದಲ್ಲಿದ್ದವರು ಬಿದ್ದವರ ಹತ್ತಿರ ಓಡಬಾರದು, ಹಗ್ಗವನ್ನೋ ಉದ್ದನೆಯ ಕೋಲನ್ನೋ ಎಸೆಯಬೇಕು. ಅಮೆರಿಕ, ಕೆನಡಾ ಎರಡರಲ್ಲೂ ತುರ್ತು ಕರೆಯ ಸಂಖ್ಯೆ 911.